ಕಾಗೆ ಬಂಗಾರ, ಭಾಗ 3: ಸಿಂಥೆಟಿಕ್ ಅಂದ್ರ ಡೂಪ್ಲಿಕೇಟ್ ಅಲ್ಲ

ದೋಸ್ತ್ರ, ಹೈಲೈಟರ್ ಡಬ್ಬಿ ಫೋಟೋ ನೋಡಿ ಕ್ಲಾಸಿನ್ಯಾಗ ಒಬ್ಬಾಕಿ ಅಂದ್ಲು: "ಸಿಂಥೆಟಿಕ್ ಮೈಕಾ ಅಂದ್ರ ಡೂಪ್ಲಿಕೇಟ್ ಮಾಲ್ ಅಲ್ಲೇನ?" ಅಲ್ಲವಾ. ಕೇಳ್ರಿ.

ಮೈಕಾ ಅಂದ್ರ ಅಭ್ರಕ, ಕಾಗೆ ಬಂಗಾರ. ಅದನ್ನ ಕುಲುಮೆಯಲ್ಲೂ ಮಾಡ್ತಾರ. ಸಿಲಿಕಾ, ಮೆಗ್ನೀಷಿಯಾ, ಅಲ್ಯೂಮಿನಾ, ಜೊತೆಗೆ ಪೊಟ್ಯಾಸಿಯಂ ಮತ್ತು ಫ್ಲೋರಿನ್ ಇರುವ ಲವಣ ಕೂಡಿಸಿ ಸುಮಾರು 1400 ಡಿಗ್ರಿಯಲ್ಲಿ ಕರಗಿಸಿ, ನಿಧಾನಕ್ಕೆ ಆರಿಸಿದರೆ ಪದರ ಪದರದ ಹರಳು ಬೆಳೀತದ. ಹೆಸರು ಫ್ಲೋರ್‌ಫ್ಲೋಗೋಪೈಟ್ (ನಾಲಿಗಿ ಹೊರಳೋದಿಲ್ಲ, ಗೊತ್ತು). ಗಣಿಯ ಮೈಕಾ ಬಹಳ ಕಾದರೆ ಅದರೊಳಗಿನ ಹೈಡ್ರಾಕ್ಸಿಲ್ ನೀರಾಗಿ ಹೊರಗೆ ಹೋಗಿ ಪದರ ಕೆಡ್ತದ. ಇದರಾಗ ಆ ಜಾಗದಲ್ಲಿ ಫ್ಲೋರಿನ್ ಕುಂತಿರ್ತದ, ಅದಕ್ಕ ಹೆಚ್ಚು ಬಿಸಿ ತಡೀತದ.

ಪಿಂಗಾಣಿ ಬಶಿಗೆ ಡ್ರಿಲ್ ಹಚ್ಚಿ ನೋಡ್ರಿ, ಚೂರಾಗ್ತದ. ಆದರೆ ಕಾರ್ನಿಂಗ್ ಕಂಪನಿಯ ಮ್ಯಾಕೋರ್ ಅನ್ನೋ ಸೆರಾಮಿಕ್‌ನ ಲೇಥ್ ಮ್ಯಾಲ ಕಬ್ಬಿಣದಂಗ ಕೊರೀಬಹುದು. ಅದರಾಗ ಸುಮಾರು 55 ಭಾಗ ಇದೇ ಮೈಕಾ, 45 ಭಾಗ ಗಾಜು. ಗಾಜನ್ನ ಮತ್ತ ಕಾಯಿಸಿದಾಗ ಮೈಕಾ ಹರಳು ಒಳಗೇ ಹುಟ್ತಾವ. ಬಿರುಕು ಎದ್ದರೂ ಒಂದು ಪದರಕ್ಕ ಹೋಗಿ ತಾಗಿ, ದಾರಿ ತಪ್ಪಿ ಅಲ್ಲೇ ನಿಲ್ತದ. ನಾಸಾದ ಸ್ಪೇಸ್ ಷಟಲ್‌ನಲ್ಲೂ ಇದರ ಬಿಡಿಭಾಗ ಇದ್ದವು. ಡೂಪ್ಲಿಕೇಟ್ ಮಾಲ್ ಅಲ್ಲಿಗೆ ಹೋಗ್ತಿತ್ತೇನು?

ಇನ್ನ ನನ್ನ ಮಾತು. ಗಣಿ ಬೇಡ ಅಂತ ನಮ್ಮ ಗದಗಿನ ಮಂದಿ ಬೀದಿಗಿಳಿದರು; 2019ರಲ್ಲಿ ಕಪ್ಪತಗುಡ್ಡ ವನ್ಯಜೀವಿಧಾಮ ಆಯ್ತು. ನಮ್ಮ ಗುಡ್ಡ ಉಳೀಲಿ ಅನ್ನೋ ನಾವು, ಗಲ್ಲದ ಮ್ಯಾಲಿನ ಮಿಂಚು ಯಾರ ಗುಡ್ಡದ್ದು ಅಂತ ಕೇಳಂಗಿಲ್ಲ. ಜಾರ್ಖಂಡ್‌ನ ಕೋಡರ್ಮಾ, ಗಿರಿಡೀಹ್ ಕಡೆ ಮಕ್ಕಳು ಅಕ್ರಮ ಕುಣಿಯೊಳಗ ಇಳಿದು ಮೈಕಾ ಆರಿಸ್ತಾರ. 2016ರಲ್ಲಿ ಎರಡೇ ತಿಂಗಳಲ್ಲಿ ಕನಿಷ್ಠ 7 ಮಕ್ಕಳು ಸತ್ತದ್ದನ್ನ ಥಾಮ್ಸನ್ ರಾಯಿಟರ್ಸ್ ಫೌಂಡೇಶನ್ ತನಿಖೆ ಬಯಲಿಗೆ ತಂತು. ಕಾಸ್ಟ್ ಅಕೌಂಟಿಂಗ್ ಓದೋರು ನಾವು. ಆ ಮೈಕಾ ಅಗ್ಗ ಯಾಕಂದ್ರ, ಕಾಸ್ಟ್ ಶೀಟಿನ್ಯಾಗ ಆ ಕೂಸಿನ ಜೀವಕ್ಕ ಕಾಲಂ ಇಲ್ಲ.

ಹಂಗಂತ ಎಲ್ಲಾರೂ ಸಿಂಥೆಟಿಕ್‌ಗೆ ಹೋದ್ರ, ಮೈಕಾ ಆರಿಸಿ ಹೊಟ್ಟಿ ತುಂಬಿಸ್ಕೊಳ್ಳೋ ಮನಿಗಳ ಗತಿ? ಕುಲುಮೆಗೂ ಕರೆಂಟ್ ಬೇಕು. ಈ ಪ್ರಶ್ನೆ ನನ್ನ ನಿದ್ದಿ ಕೆಡಿಸೇತಿ. ಅಲ್ಲಿ ದೊಡ್ಡವರಿಗೆ ಕಾನೂನುಬದ್ಧ ಕೆಲಸ, ಸರಿಯಾದ ಕೂಲಿ ಸಿಗಬೇಕು. ಅಲ್ಲೀತನಕ ನನ್ನ ರೊಕ್ಕ ಕುಲುಮೆ ಮೈಕಾಕ್ಕ.

ನಿಮ್ಮ ಡಬ್ಬಿ ಹಿಂದ ಸಣ್ಣ ಅಕ್ಷರ ಓದ್ರಿ: ಬರೀ "ಮೈಕಾ" ಐತೋ, "ಸಿಂಥೆಟಿಕ್ ಫ್ಲೋರ್‌ಫ್ಲೋಗೋಪೈಟ್" ಐತೋ? ನಮ್ಮ ಅಕ್ಕನ ಡಬ್ಬಿಯೊಳಗ ಮೊದಲನೇದು. ನಿಮ್ದು ಫೋಟೋ ತೆಗೆದು ಕಳಸ್ರಿ, ಭಾಗ 4ರಾಗ ಹಾಕ್ತೀನಿ.