ತಡಕೋ ಅನ್ನೋದು ಔಷಧ ಅಲ್ಲ

ಎದಿ ಆಪರೇಷನ್ ಆದವರಿಗಿ ನಮ್ಮ ಯಡ್ರಾಮಿ ಕಡಿ ಮಂದಿ ಹೇಳೋದು ಒಂದೇ ಮಾತು: "ಗಂಡಸಿದ್ದಿ, ತಡಕೋ." ಯಾಕ ತಡಕೋಬೇಕ್ರಿ? ಕೈ ಮುರದ್ರ ಕಟ್ಟಿ ಇಡಬಹುದು. ಪಕ್ಕೆಲುಬು ಉಸಿರು ತಗೊಂಡಾಗೊಮ್ಮಿ ಏಳತಾವ, ಇಳಿತಾವ. ಬ್ಯಾನಿಗಿ ಹೆದರಿ ಮನಷ್ಯ ಕೆಮ್ಮೋದೇ ಬಿಡತಾನ, ಕಫ ಒಳಗೇ ಕುಂತು ನ್ಯುಮೋನಿಯಾ ಆಗತದ. ನಮ್ಮ ಭಾವಗ ಹಿಂಗೇ ಆಯ್ತು. ದವಾಖಾನಿ ಹೆಸರು ಬ್ಯಾಡ. ಎದಿಗೊತ್ತಿ ಕೆಮ್ಮು ಅಂತ ದಿಂಬು ಕೊಟ್ರು, ಬ್ಯಾನಿ ಕಮ್ಮಿ ಮಾಡೋ ಮಾತು ಯಾರೂ ಎತ್ತಲಿಲ್ಲ.

ಪಕ್ಕೆಲುಬಿನ ನರ ಬೆನ್ನೆಲುಬಿನ ಬಾಜೂಕಿನಿಂದ ಹೊರಡತಾವ. ಸ್ಕ್ಯಾನಿಂಗ್ ಮಷಿನ್‌ದಾಗ ನೋಡಕೋತ ಅಲ್ಲಿ ಮರಗಟ್ಟೋ ಔಷಧ ಬಿಟ್ರ ಅಷ್ಟೇ ಜಾಗಾ ಜೋಮು ಹಿಡಿತದ. ಸಣ್ಣ ನಳಿಗಿ ಇಟ್ರ ಎರಡ್ಮೂರು ದಿನ ಔಷಧ ಬಿಡಬಹುದು. ಮಾರ್ಫಿನ್ ಹೆಚ್ಚಾದ್ರ ಮಂಪರು, ವಾಂತಿ, ಉಸಿರೇ ಮಂದ. ಬ್ಲಾಕ್ ಇದ್ರ ಅದು ಕಮ್ಮಿ ಸಾಕಾಗತದ. 2016ರಾಗ ಎರೆಕ್ಟರ್ ಸ್ಪೈನೇ ಬ್ಲಾಕ್ ಅಂತ ಒಂದು ಬಂದದ. ಸೂಜಿ ಬೆನ್ನಿನ ಸ್ನಾಯುದ ಕೆಳಗೇ ನಿಲ್ಲತದ, ಬೆನ್ನುಹುರಿ ತನಕ ಹೋಗೋದಿಲ್ಲ.

"ಬೆನ್ನಿಗಿ ಸೂಜಿ ಬ್ಯಾಡ, ಜಲ್ಮಪೂರ್ತಿ ನಡಾ ನೋಯತದ" ಅನ್ನೋ ಅಕ್ಕಗಳಿಗಿ ಕೇಳತೀನಿ: ನಮ್ಮ ನಡಾ ನೋಯೋದು ಸಿಜೇರಿಯನ್ ಸೂಜಿಗೋ, ಜಲ್ಮೆಲ್ಲಾ ಕೊಡ ಹೊತ್ತಿದ್ದಕ್ಕೋ?

ಕಲಬುರಗಿ ಜಯದೇವಕ್ಕರೆ ಹೋಗ್ರಿ, ಬೆಂಗಳೂರಿಗರೆ ಹೋಗ್ರಿ. ರಕ್ತ ತೆಳು ಮಾಡೋ ಗುಳಿಗಿ ತಗೋತಿದ್ರ ಮೊದ್ಲೇ ಹೇಳ್ರಿ, ಅದಕ್ಕ ಕೆಲವು ಬ್ಲಾಕ್ ನಡಿಯಂಗಿಲ್ಲ. ಸಹಿ ಹಾಕೋಕಿಂತ ಮೊದ್ಲ ಅರಿವಳಿಕೆ ಡಾಕ್ಟರಿಗಿ ಕೇಳ್ರಿ: "ಬ್ಲಾಕ್ ಕೊಡ್ತೀರೋ ಇಲ್ಲೋ? ಇಲ್ಲಂದ್ರ ಯಾಕಿಲ್ಲ?"