ಮನೆಯ ಪಶುಗಳು: ದಖ್ಖಣದ ತಟ್ಟು

1824ರಲ್ಲಿ ಆಂಗ್ಲರೊಡನೆ ಕಾದಿದ ಕಿತ್ತೂರ ಚೆನ್ನಮ್ಮ ರಾಣಿಯನ್ನು ನಾವು ಪ್ರತಿಮೆಗಳಲ್ಲಿ ಕುದುರೆಯ ಮೇಲೆ ಕಾಣುವೆವು. ಆದರೆ ನಮ್ಮ ನಾಡಿನ ಕುದುರೆಯು ಪ್ರತಿಮೆಯಲ್ಲಷ್ಟೇ ಉಳಿದಿಲ್ಲ. ಸವದತ್ತಿ, ರಾಮದುರ್ಗಗಳ ಬಯಲಿನಲ್ಲಿ ಕುರಿಹಿಂಡಿನೊಡನೆ ಕುರುಬರ ಸಂಸಾರವನ್ನೇ ಬೆನ್ನ ಮೇಲೆ ಹೊತ್ತು ಸಾಗುವ ಗಿಡ್ಡ ತಟ್ಟನ್ನು ವಾಚಕರು ನೋಡಿರಬಹುದು. ದಖ್ಖಣದ ಇಂಥ ತಟ್ಟುಗಳಲ್ಲಿ ಭೀಮಾ ತೀರದ ಭೀಮಥಡಿಯು ಹೆಸರಾದುದು. ಹಿಂದೆ ಮರಾಠರ ದಂಡಿನಲ್ಲಿ ಸವಾರಿಗೆ, ಇಂದು ಹೇರಿಗೆ, ಹೀಗೆ ಎರಡಕ್ಕೂ ಒದಗುವ ಈ ಪ್ರಾಣಿಯು ಒರಟು ಮೇವನ್ನು ತಿಂದು ಕಲ್ಲುದಾರಿಯಲ್ಲಿ ದೂರ ನಡೆಯಬಲ್ಲದು.

ಈ ಸಹನಶೀಲತೆಯೇ ಅದಕ್ಕೆ ಕೇಡು ತರುವದು. ಗಟ್ಟಿ ಪ್ರಾಣಿಯೆಂದು ಒಡೆಯನು ಉದಾಸೀನ ಮಾಡುವನು. ಕುದುರೆಯ ಜಠರವು ಮೈಗೆ ಹೋಲಿಸಿದರೆ ಚಿಕ್ಕದು. ವಾಂತಿಮಾಡಲೂ ಅದಕ್ಕೆ ಬಾರದು. ಆದ್ದರಿಂದ ಒಮ್ಮೆಲೇ ಹೆಚ್ಚು ಕಾಳನ್ನಿಟ್ಟರೆ ಹೊಟ್ಟೆಶೂಲೆಯೆದ್ದು ಪ್ರಾಣಕ್ಕೆ ಎರವಾಗಬಹುದು. ಹುಲ್ಲು ದಿನವಿಡೀ ಮುಂದಿರಲಿ. ಬೇಯಿಸಿದ ಹುರುಳಿಯನ್ನು ಸ್ವಲ್ಪ ಸ್ವಲ್ಪವಾಗಿ 2–3 ಹೊತ್ತು ಇಡತಕ್ಕದ್ದು. ಓಡಿ ಬಂದ ಕುದುರೆಗೆ, ಮೆಲ್ಲನೆ ನಡೆಸಿ ದಣಿವಾರಿಸಿದ ಮೇಲೆಯೇ ಕಾಳು.

ಬೈಲಹೊಂಗಲದ ಎರೆಭೂಮಿಯಲ್ಲಿ ಮಳೆಗಾಲದ ಕೆಸರು ಗೊರಸಿನೊಳಗೆ ಮೆತ್ತಿಕೊಂಡು ಕೊಳೆಯಿಸುವದು. ನಿತ್ಯವೂ ಗೊರಸನ್ನೆತ್ತಿ ಶುಚಿಮಾಡಬೇಕು. 6–8 ವಾರಕ್ಕೊಮ್ಮೆ ಬೆಳೆದ ಅಂಚನ್ನು ಕೊಯ್ಯಿಸಬೇಕು. ಜೀನು ಬಿಚ್ಚಿದೊಡನೆ ಬೆನ್ನ ಮೇಲೆ ಕೈಯಾಡಿಸಿರಿ. ಬಾವು ಇಲ್ಲವೆ ಹುಣ್ಣು ಕಂಡರೆ ಮಾಯುವವರೆಗೆ ಹೇರೂ ಬೇಡ, ಸವಾರಿಯೂ ಬೇಡ.

ನೋವಾದರೆ ನಾಯಿಯಂತೆ ಕುದುರೆಯು ಕೂಗಿಕೊಳ್ಳುವದಿಲ್ಲ. ಮೇವು ಬಿಟ್ಟು ಸುಮ್ಮನೆ ನಿಲ್ಲುವದು. ಆ ಮೌನವನ್ನು ಅರಿತವನೇ ನಿಜವಾದ ಒಡೆಯನು.