ಫೋನ್ ಕಸಿದುಕೊಂಡರೆ ಮಕ್ಕಳು ಸುರಕ್ಷಿತರೇ?

ಶಾಲೆ ಕಾಲೇಜುಗಳಲ್ಲಿ ಈಗ ಸೈಬರ್ ಜಾಗೃತಿ ಕಾರ್ಯಕ್ರಮಗಳ ಸುಗ್ಗಿ. ಪೊಲೀಸ್ ಅಧಿಕಾರಿಯೊಬ್ಬರು ಬಂದು ಒಂದು ಗಂಟೆ ಮಾತನಾಡುತ್ತಾರೆ, ಮುಖ್ಯೋಪಾಧ್ಯಾಯರು ವಂದಿಸುತ್ತಾರೆ, ಮರುದಿನ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಫೋಟೊ ಅಚ್ಚಾಗುತ್ತದೆ. ಆ ಒಂದು ಗಂಟೆಯ ಮುಕ್ಕಾಲು ಪಾಲು ಹೆಣ್ಣುಮಕ್ಕಳಿಗೇ ಮೀಸಲು. ಫೋಟೊ ಹಾಕಬೇಡಿ, ಅಪರಿಚಿತರೊಡನೆ ಮಾತನಾಡಬೇಡಿ, ಪಾಸ್‌ವರ್ಡ್ ಯಾರಿಗೂ ಕೊಡಬೇಡಿ. ಹಿಂದಿನ ಬೆಂಚಿನ ಹುಡುಗರು ನಗುತ್ತಾ ಕುಳಿತಿರುತ್ತಾರೆ. ಈ ಪಾಠದಲ್ಲಿ ತಮ್ಮ ಹೆಸರಿಲ್ಲವೆಂದು ಅವರಿಗೆ ಚೆನ್ನಾಗಿ ಗೊತ್ತು.

ಈ ಎಚ್ಚರಿಕೆಗಳು ತಪ್ಪೆಂದು ನಾವು ಹೇಳುತ್ತಿಲ್ಲ. ಆದರೆ ಇವನ್ನೆಲ್ಲ ಚಾಚೂ ತಪ್ಪದೆ ಪಾಲಿಸಿದ ಹುಡುಗಿ ಸುರಕ್ಷಿತಳೇ? ಉತ್ತರಕ್ಕಾಗಿ ದೂರ ಹೋಗಬೇಕಿಲ್ಲ. 2018ರ ಜನವರಿಯಲ್ಲಿ ಮೂಡಿಗೆರೆಯ ಇಪ್ಪತ್ತು ವರ್ಷದ ಕಾಲೇಜು ವಿದ್ಯಾರ್ಥಿನಿಯೊಬ್ಬಳು ಪ್ರಾಣ ಕಳೆದುಕೊಂಡಳು. ಪರಿಚಿತ ಯುವಕನೊಬ್ಬನ ಜೊತೆ ವಾಟ್ಸಾಪ್‌ನಲ್ಲಿ ಮಾತು ಬೆಳೆದಾಗ ತನಗೆ ಮುಸ್ಲಿಮರೆಂದರೆ ಪ್ರೀತಿ ಎಂಬ ಅರ್ಥದ ಒಂದು ಮಾತು ಬರೆದಿದ್ದಳು. ಅದರ ಸ್ಕ್ರೀನ್‌ಶಾಟ್ ಸಂಘಟನೆಗಳ ಕೈಗೆ ಹೋಯಿತು, ಗ್ರೂಪುಗಳಲ್ಲಿ ಹರಿದಾಡಿತು. ಕೆಲವರು ಮನೆಗೇ ಬಂದು ಅವಳನ್ನೂ ತಾಯಿಯನ್ನೂ ಬೆದರಿಸಿದರೆಂದು ವರದಿಯಾಯಿತು. ಬಿಜೆಪಿಯ ಯುವ ಘಟಕದ ಸ್ಥಳೀಯ ಪದಾಧಿಕಾರಿಯೊಬ್ಬನ ಬಂಧನವೂ ಆಯಿತು.

ಜಾಗೃತಿ ಭಾಷಣದ ಯಾವ ನಿಯಮವನ್ನು ಅವಳು ಮುರಿದಿದ್ದಳು? ಅವನು ಅಪರಿಚಿತನಲ್ಲ. ಅವಳು ಫೋಟೊ ಕಳಿಸಿರಲಿಲ್ಲ, ಪಾಸ್‌ವರ್ಡ್ ಕೊಟ್ಟಿರಲಿಲ್ಲ. ಖಾಸಗಿಯಾಗಿ ಒಂದು ಅಭಿಪ್ರಾಯ ಹೇಳಿದ್ದಳು, ಅಷ್ಟೇ. ಅವಳನ್ನು ಕೊಂದದ್ದು ಇಂಟರ್‌ನೆಟ್ ಎಂಬ ಯಾವುದೋ ಭೂತವೂ ಅಲ್ಲ. ಒಬ್ಬನ ಹೆಬ್ಬೆರಳು ಸ್ಕ್ರೀನ್‌ಶಾಟ್ ತೆಗೆಯಿತು, ಇನ್ನು ಅನೇಕರ ಹೆಬ್ಬೆರಳು ಅದನ್ನು ಮುಂದಕ್ಕೆ ತಳ್ಳಿತು. ಆ ಹೆಬ್ಬೆರಳುಗಳಿಗೆ ಶಾಲೆಯಲ್ಲಿ ಯಾರೂ ಪಾಠ ಹೇಳಿರಲಿಲ್ಲ. ಇಂದಿಗೂ ಹೇಳುತ್ತಿಲ್ಲ.

ಕಂಪ್ಯೂಟರ್ ಜ್ಞಾನ ಬಂದರೆ ವಿವೇಕವೂ ಬರುತ್ತದೆಂದು ನಂಬಿದವರು 2022ರ ಜನವರಿ 1ನ್ನು ನೆನಪಿಸಿಕೊಳ್ಳಲಿ. ಅಂದು 'ಬುಲ್ಲಿ ಬಾಯಿ' ಎಂಬ ಆ್ಯಪ್‌ನಲ್ಲಿ ಮುಸ್ಲಿಮ್ ಮಹಿಳೆಯರ ಫೋಟೊಗಳನ್ನು ಹರಾಜಿಗಿಟ್ಟರು. ಬಂಧಿತರಲ್ಲಿ ಬೆಂಗಳೂರಿನಲ್ಲಿ ಓದುತ್ತಿದ್ದ ಇಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬನಿದ್ದ, ಉತ್ತರಾಖಂಡದ ಹದಿನೆಂಟರ ಹುಡುಗಿಯೊಬ್ಬಳಿದ್ದಳು. ಕಂಪ್ಯೂಟರಿನ ಪರೀಕ್ಷೆಯಲ್ಲಿ ಇವರೆಲ್ಲ ಪಾಸಾದವರೇ.

ಬೇರೆಯವರ ಕಡೆ ಬೆರಳು ತೋರಿಸಿ ಇಲ್ಲಿಗೆ ಮುಗಿಸಿಬಿಟ್ಟರೆ ಅದು ಅಪ್ರಾಮಾಣಿಕತೆಯಾದೀತು. ಹುಡುಗ ಹುಡುಗಿಯ ಫೋಟೊ ಹಾಕಿ 'ಇವಳು ಯಾರ ಮಗಳು, ಪತ್ತೆ ಹಚ್ಚಿ' ಎಂದು ಕೇಳುವ ಗ್ರೂಪುಗಳು ಯಾವುದೇ ಒಂದು ಸಮುದಾಯದ ಸೊತ್ತಲ್ಲ. ಬಸ್ ನಿಲ್ದಾಣದಲ್ಲಿ ಸಹಪಾಠಿಯ ಜೊತೆ ನಿಂತ ಬುರ್ಖಾಧಾರಿ ಹುಡುಗಿಯ ಫೋಟೊ ತೆಗೆದು ಹಂಚುವ ತರುಣರು ನಮ್ಮ ನಡುವೆಯೂ ಇದ್ದಾರೆ. ಸಮುದಾಯದ ಮಾನ ಕಾಪಾಡುತ್ತಿದ್ದೇವೆಂದು ಅವರ ಭಾವನೆ. ಗೀಬತ್ ಪಾಪವೆಂದು ಮದ್ರಸದಲ್ಲಿ ಕಲಿತ ಹುಡುಗನಿಗೆ, ಫಾರ್ವರ್ಡ್ ಮಾಡಿದ ಸ್ಕ್ರೀನ್‌ಶಾಟ್ ಕೂಡ ಗೀಬತ್ತೇ ಎಂದು ಯಾರೂ ಹೇಳಿಲ್ಲ. ನಮ್ಮ ಉಸ್ತಾದರು, ಜಮಾಅತ್ ಕಮಿಟಿಯವರು ಈ ಬಗ್ಗೆ ಒಂದು ಶುಕ್ರವಾರವಾದರೂ ಮಾತನಾಡಬಾರದೇ?

ಒಳ್ಳೆಯ ಉದ್ದೇಶದಿಂದ ಕಳಿಸಿದ್ದು ಎಂಬ ಸಮಜಾಯಿಷಿಯೂ ಸಾಕಾಗದು. 2018ರಲ್ಲಿ ದೇಶವಿಡೀ ಸುತ್ತಿದ ಮಕ್ಕಳ ಅಪಹರಣದ ವಿಡಿಯೋ ನೆನಪಿರಬಹುದು. ಬೈಕಿನಲ್ಲಿ ಬಂದವರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುವ ದೃಶ್ಯ. ಅದು ಕರಾಚಿಯಲ್ಲಿ ಮಕ್ಕಳ ಸುರಕ್ಷತೆಗೆಂದೇ ತಯಾರಾದ ಚಿತ್ರ. ಇದು ಅಭಿನಯ ಎಂದು ತಿಳಿಸುವ ಕೊನೆಯ ಭಾಗವನ್ನು ಯಾರೋ ಕತ್ತರಿಸಿದ್ದರು. ಅದೇ ವರ್ಷ ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಶಾಲಾ ಮಕ್ಕಳಿಗೆ ಚಾಕೊಲೇಟ್ ಕೊಟ್ಟ ಗುಂಪಿನಲ್ಲಿದ್ದ ಹೈದರಾಬಾದಿನ ಸಾಫ್ಟ್‌ವೇರ್ ಇಂಜಿನಿಯರನೊಬ್ಬನನ್ನು ಮಕ್ಕಳ ಕಳ್ಳನೆಂದು ಜನ ಹೊಡೆದು ಕೊಂದರು. ವಾಟ್ಸಾಪ್ ಸಂದೇಶ ಅವರ ಕಾರಿಗಿಂತ ಮೊದಲೇ ಊರು ತಲುಪಿತ್ತು. ಆ ಸಂದೇಶ ಕಳಿಸಿದವರೆಲ್ಲ ಮಕ್ಕಳ ಹಿತಚಿಂತಕರೇ ಆಗಿದ್ದರು!

ಇನ್ನು ನಮ್ಮ ಮನೆಗಳ ಮಾತು. ಮಗಳಿಗೆ ಯಾರೋ ಪೀಡಿಸುತ್ತಿದ್ದಾನೆಂದು ತಿಳಿದ ದಿನ ನಾವು ಮಾಡುವ ಮೊದಲ ಕೆಲಸವೇನು? ಫೋನ್ ಕಸಿದುಕೊಳ್ಳುತ್ತೇವೆ. ಎರಡನೆಯದು, ಕಾಲೇಜು ಬಿಡಿಸುತ್ತೇವೆ. ಮೂರನೆಯದು, ಗಂಡು ಹುಡುಕುತ್ತೇವೆ. ಈ ಮೂರನ್ನೂ ಅವಳು ಮೊದಲೇ ಬಲ್ಲಳು, ಆದ್ದರಿಂದ ಬಾಯಿ ಬಿಡುವುದಿಲ್ಲ. ಬ್ಲ್ಯಾಕ್‌ಮೇಲ್ ಮಾಡುವವನಿಗೂ ಇದು ಗೊತ್ತು. 'ನಿನ್ನ ಅಪ್ಪನಿಗೆ ಕಳಿಸುತ್ತೇನೆ' ಎಂದು ಅವನು ಹೆದರಿಸುತ್ತಾನೆಯೇ ಹೊರತು 'ಪೊಲೀಸರಿಗೆ ಕಳಿಸುತ್ತೇನೆ' ಎನ್ನುವುದಿಲ್ಲ. ಅವನ ಬಂಡವಾಳ ಆ ಫೋಟೊ ಅಲ್ಲ, ನಮ್ಮ ಸಿಟ್ಟು. ಆ ಬಂಡವಾಳವನ್ನು ನಾವು ವರ್ಷಗಟ್ಟಲೆ ಒದಗಿಸುತ್ತಾ ಬಂದಿದ್ದೇವೆ.

ಹದಿನಾರರೊಳಗಿನ ಮಕ್ಕಳಿಗೆ ಆಸ್ಟ್ರೇಲಿಯಾ 2025ರ ಡಿಸೆಂಬರ್ 10ರಿಂದ ಸಾಮಾಜಿಕ ಜಾಲತಾಣಗಳ ಖಾತೆಯನ್ನೇ ನಿಷೇಧಿಸಿದೆ. ನಮ್ಮಲ್ಲೂ ಹಾಗೇ ಮಾಡಿ ಎನ್ನುವವರಿದ್ದಾರೆ. ಕಾಫಿ ತೋಟದ ಲೈನ್ ಮನೆಗಳನ್ನು ಇವರು ನೋಡಿದ್ದಾರೆಯೇ? ಅಲ್ಲಿ ಮಗುವಿಗೆ ಸ್ವಂತ ಫೋನ್ ಎಲ್ಲಿದೆ? ಇರುವುದು ಮನೆಗೊಂದು. ಸಿಮ್ ಅಪ್ಪನ ಹೆಸರಿನಲ್ಲಿ, ಖಾತೆ ಅಣ್ಣನ ಹೆಸರಿನಲ್ಲಿ. ತಾಯಿ ತಂದೆ ಹಣ್ಣು ಕೊಯ್ಲಿಗೆ ಹೋದ ಮೇಲೆ ಅದು ಮಕ್ಕಳ ಕೈಯಲ್ಲಿ. ಲಾಕ್‌ಡೌನ್ ಕಾಲದಲ್ಲಿ ಪಾಠ ಕೇಳಲು ಮಲೆನಾಡಿನ ಮಕ್ಕಳು ಸಿಗ್ನಲ್ ಹುಡುಕಿ ಗುಡ್ಡ ಹತ್ತಿದ್ದನ್ನು ಎಲ್ಲರೂ ಕಂಡಿದ್ದೇವೆ. ಓದಲು ಫೋನ್ ಬೇಕೇ ಬೇಕು ಎಂದವರೇ ಈಗ ಫೋನ್ ಮುಟ್ಟಬೇಡ ಎಂದರೆ ಮಗು ಯಾವ ಮಾತನ್ನು ನಂಬಬೇಕು? ಐದು ಜನ ಹಂಚಿಕೊಳ್ಳುವ ಫೋನಿಗೆ 'ಪಾಸ್‌ವರ್ಡ್ ಗುಟ್ಟಾಗಿಡಿ' ಎಂಬ ಉಪದೇಶ ತಮಾಷೆಯಾಗಿ ಕೇಳಿಸುತ್ತದೆ.

ಮಕ್ಕಳಿಗೆ ನಿಜವಾಗಿ ಗೊತ್ತಿರಬೇಕಾದ್ದನ್ನು ಯಾರೂ ಹೇಳುವುದಿಲ್ಲ. ಮಕ್ಕಳ ಅಶ್ಲೀಲ ಚಿತ್ರ ಹಂಚುವುದಷ್ಟೇ ಅಲ್ಲ, ಹುಡುಕುವುದು, ಡೌನ್‌ಲೋಡ್ ಮಾಡುವುದು ಕೂಡ ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಕಲಮಿನಡಿ ಅಪರಾಧ. ಮೊದಲ ಸಲಕ್ಕೇ ಐದು ವರ್ಷದವರೆಗೆ ಸಜೆ, ಹತ್ತು ಲಕ್ಷದವರೆಗೆ ದಂಡ. ತಮಾಷೆಗೆಂದು ಗ್ರೂಪಿಗೆ ಹಾಕುವ ಕಾಲೇಜು ಹುಡುಗ ಇದನ್ನು ಕೇಳಿಯೇ ಇಲ್ಲ. ಹದಿನೆಂಟರೊಳಗಿನ ಸಂತ್ರಸ್ತ ಮಗುವಿನ ಹೆಸರು, ಮನೆ, ಶಾಲೆಯನ್ನು ಮಾಧ್ಯಮಗಳು ಬಹಿರಂಗಪಡಿಸಬಾರದೆಂದು 2012ರ ಪೋಕ್ಸೊ ಕಾಯ್ದೆ ಹೇಳುತ್ತದೆ. ಮಾನ ಹೋಗುತ್ತದೆಂದು ದೂರು ಕೊಡದ ತಂದೆತಾಯಿಗೆ ಇದೇ ಮೊದಲು ತಿಳಿಯಬೇಕಾದ್ದು. ಮಕ್ಕಳ ಸಹಾಯವಾಣಿ 1098. ದುಡ್ಡು ಕಿತ್ತುಕೊಂಡಿದ್ದರೆ 1930. ಹದಿನೆಂಟರೊಳಗಿನವರ ಖಾಸಗಿ ಚಿತ್ರ ಹರಡದಂತೆ ತಡೆಯಲು 'ಟೇಕ್ ಇಟ್ ಡೌನ್' ಎಂಬ ಉಚಿತ ಸೇವೆ 2023ರಿಂದ ಇದೆ. ಅದಕ್ಕೆ ಚಿತ್ರವನ್ನು ಯಾರಿಗೂ ಕಳಿಸಬೇಕಿಲ್ಲ. ಚಿತ್ರದ ಗುರುತಿನ ಸಂಖ್ಯೆಯೊಂದು ಫೋನಿನಲ್ಲೇ ತಯಾರಾಗಿ, ಅದಷ್ಟೇ ಹೊರಗೆ ಹೋಗುತ್ತದೆ. ಹೆಸರನ್ನೂ ಹೇಳಬೇಕಿಲ್ಲ. ಇದನ್ನು ಕನ್ನಡದಲ್ಲಿ ಬರೆದು ಅಂಟಿಸಿದ ಒಂದು ಶಾಲೆಯ ಗೋಡೆಯೂ ನಮ್ಮ ಕಣ್ಣಿಗೆ ಬಿದ್ದಿಲ್ಲ.

ದೂರು ಕೊಡುವ ದಾರಿಯಾದರೂ ಸುಗಮವೇ? ಸೈಬರ್ ಅಪರಾಧ ನೋಡುವ ಸೆನ್ ಠಾಣೆ ಇರುವುದು ಚಿಕ್ಕಮಗಳೂರಿನಲ್ಲಿ. ಕಳಸದ ಆಚೆಯ ತೋಟದಿಂದ ಬಸ್ಸು ಹಿಡಿದು, ಮೂಡಿಗೆರೆ ದಾಟಿ ಹೋಗಿಬರುವಾಗ ಒಂದು ದಿನದ ಕೂಲಿ ಹೋಯಿತು. ಮಗಳ ವಿಷಯಕ್ಕೆ ಬಂದಿದ್ದೇನೆಂದು ತೋಟದ ರೈಟರ ಬಳಿ ರಜೆ ಕೇಳುವುದು ಇನ್ನೂ ಕಷ್ಟ. ಆದರೆ ಸೆನ್ ಠಾಣೆಗೇ ಹೋಗಬೇಕೆಂದಿಲ್ಲ. ಇಂಥ ಗಂಭೀರ ಅಪರಾಧದ ಮಾಹಿತಿಯನ್ನು ಯಾವ ಠಾಣೆಯಲ್ಲಿ ಕೊಟ್ಟರೂ ದಾಖಲಿಸಿಕೊಳ್ಳಬೇಕೆಂದು 2024ರ ಜುಲೈ 1ರಿಂದ ಜಾರಿಯಲ್ಲಿರುವ ಹೊಸ ಸಂಹಿತೆಯಲ್ಲೇ ಇದೆ. 'ಇದು ನಮ್ಮ ವ್ಯಾಪ್ತಿಯಲ್ಲ' ಎಂದು ವಾಪಸು ಕಳಿಸುವಂತಿಲ್ಲ. ಜಾಗೃತಿಗೆಂದು ಶಾಲೆಗೆ ಬರುವ ಅಧಿಕಾರಿಗಳು ಮುಂದಿನ ಸಲ ಈ ಮಾತನ್ನು ಹೆಣ್ಣುಮಕ್ಕಳ ಎದುರೇ ಹೇಳಲಿ, ಹೇಳುವಾಗ ಊರಿನ ಠಾಣಾಧಿಕಾರಿಯನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಲಿ. ಆ ಸಭೆಗೆ ಅಪ್ಪಂದಿರನ್ನೂ ಅಣ್ಣಂದಿರನ್ನೂ ಕರೆಯಲಿ. ಕೆಲಸದ ದಿನ ಅವರು ಬರಲಾರರು, ಆದ್ದರಿಂದ ತೋಟಗಳಿಗೆ ವಾರದ ರಜೆಯಿರುವ ದಿನವನ್ನೇ ಆರಿಸಿಕೊಳ್ಳಲಿ.